ಅಪ್‌ಡೇಟ್: ಸ್ಕೇಲಿನಲ್ಲಿ ಕಲ್ಲಿನ ಸಾಂದ್ರತೆ ಕೊನೆಗೂ ಸಿಕ್ತು
ಮೀಟರ್ ಸ್ಕೇಲನ್ನೇ ತಕ್ಕಡಿ ಮಾಡಿ ಕಲ್ಲಿನ ಸಾಂದ್ರತೆ ತೆಗೆಯುವಾಗ ಮಗಳ ಲೆಕ್ಕ ಸರಿ ಬರ್ತಾ ಇಲ್ಲ ಅಂತ ಹೋದ ವಾರ ಕೇಳಿದ್ದೆ ಅಲ್ವಾ, ಈಗ ಸರಿ ಆಯ್ತು ಮಾರ್ರೆ. ದೂರ ಸ್ಕೇಲಿನ ತುದಿಯಿಂದಲ್ಲ, ಸ್ಕೇಲನ್ನು ನೇತು ಹಾಕಿದ ದಾರದ ಜಾಗದಿಂದ ಅಳೀಬೇಕು ಅಂತ ಒಬ್ರು ಹೇಳಿದ್ರಲ್ಲ, ತಪ್ಪು ಅಲ್ಲೇ ಇದ್ದದ್ದು. ಬರೀ ಸ್ಕೇಲ್ ಸಮ ನಿಂತದ್ದೂ 50ರಲ್ಲಿ ಅಲ್ಲ, 49.6 ಸೆಂಟಿಮೀಟರಲ್ಲಿ, ಆ ದಾರ ಕಟ್ಬೇಕಾದ್ದು ಅಲ್ಲಿ. ಅಳತೆ ಗ್ಲಾಸಿನ ನೀರಿಗೆ ಕಲ್ಲು ಹಾಕಿ ನೀರು ಎಷ್ಟು ಏರ್ತದೆ ಅಂತ ನೋಡುವ ಉಪಾಯ ಆಗ್ಲಿಲ್ಲ, ನೀರು ಏರಿದ್ದು ಕಣ್ಣಿಗೇ ಕಾಣುದಿಲ್ಲ. ಕಪ್ಪುಕಲ್ಲನ್ನು ಒಂದೇ ಜಾಗದಲ್ಲಿ ನೇತು ಹಾಕಿ ಆಚೆ ಬದಿಯ ತೂಕ ಜಾರಿಸಿದ್ರೆ ಗಾಳಿಯಲ್ಲಿ 40 ಸೆಂಟಿಮೀಟರಿಗೆ, ಕಲ್ಲು ಬಕೆಟ್ ನೀರಲ್ಲಿ ಪೂರ್ತಿ ಮುಳುಗಿದಾಗ 25ಕ್ಕೆ ಸಮ ಆಯ್ತು, ವ್ಯತ್ಯಾಸ 15 ಅಂದ್ರೆ ಕಲ್ಲಿನಷ್ಟೇ ಜಾಗದ ನೀರಿನ ತೂಕದ ಲೆಕ್ಕ, 40ನ್ನು ಅದರಿಂದ ಭಾಗಿಸಿದ್ರೆ 2.67, ಕಲ್ಲಿನ ಸಾಂದ್ರತೆ ನೀರಿನ ಅಷ್ಟು ಪಟ್ಟು. ಆಶ್ಚರ್ಯ ಆದದ್ದು ನಮ್ಮ ಉಡುಪಿ ಮುರಕಲ್ಲು (ತೂತು ತೂತಿನ ಕೆಂಪು ಕಲ್ಲು) ಕಟ್ಟಿದಾಗ, ತೂತುಗಳಿಂದ ಗುಳ್ಳೆ ಬರ್ತಾ ಬರ್ತಾ ನೀರು ಒಳಗೆ ಹೋಗಿ ಸಮ ಆಗುವ ಜಾಗವೇ ಸರೀತಾ ಇತ್ತು, ಹಾಗಾಗಿ ಅದಕ್ಕೆ ಈ ಲೆಕ್ಕ ಹಾಗೇ ಹಾಕ್ಬೇಡಿ.