ಪದಚರ್ಚೆ: ಡಿಜಿಟಲ್ ಪಿಯಾನೊದ ‘ಡ್ಯುಯಲ್’, ‘ಸ್ಪ್ಲಿಟ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಅಚ್ಚಿಗೆ)

ಸು. ರಾ. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಶಾಲೆಯೊಂದರ ಸಂಗೀತ ಕೋಣೆಯ ಡಿಜಿಟಲ್ ಪಿಯಾನೊ ಪಕ್ಕ ಅಂಟಿಸಲು ಕನ್ನಡದಲ್ಲಿ ಒಂದು ಪುಟದ ಸೂಚನೆ ಬೇಕಾಗಿದೆ. ಎ5 ಹಾಳೆ, ದೊಡ್ಡಕ್ಷರ. ನಾಳೆ ಬೆಳಿಗ್ಗೆ ಹತ್ತಕ್ಕೆ ಅಚ್ಚಿಗೆ ಹೋಗಬೇಕು. ನನ್ನನ್ನು ಕಾಡುತ್ತಿರುವ ಪದಗಳು ಇವು: ವಾಯ್ಸ್ (ಪಿಯಾನೊ, ಆರ್ಗನ್, ಸ್ಟ್ರಿಂಗ್ಸ್ ಹೀಗೆ ಆರಿಸಿಕೊಳ್ಳುವುದು), ಡ್ಯುಯಲ್ ಅಥವಾ ಲೇಯರ್ (ಒಂದೇ ಮನೆಗೆ, ಅಂದರೆ ಕೀಗೆ, ಎರಡು ವಾದ್ಯದ ಸದ್ದು), ಸ್ಪ್ಲಿಟ್ (ಎಡಗೈಗೆ ಒಂದು, ಬಲಗೈಗೆ ಒಂದು), ಸ್ಪ್ಲಿಟ್ ಪಾಯಿಂಟ್ (ಆ ಎಡಬಲಗಳು ಬೇರೆಯಾಗುವ ಮನೆ), ಬ್ಯಾಲೆನ್ಸ್ (ಎರಡು ಸದ್ದುಗಳಲ್ಲಿ ಯಾವುದು ಎಷ್ಟು ಜೋರು ಎಂಬುದು).

‘ಧ್ವನಿ ಸಂಯೋಜನೆ’ ಸರಿಬರಲಿಲ್ಲ. ಹಾಡಿಗೆ ರಾಗ ಹಾಕುವುದಕ್ಕೇ ಸಂಯೋಜನೆ ಎನ್ನುತ್ತೇವೆ. ಯಂತ್ರಾನುವಾದವನ್ನೂ ನೋಡಿದೆ, ಎಲೆಕ್ಟ್ರಿಕ್ ಆರ್ಗನ್ ಅಲ್ಲಿ ‘ವಿದ್ಯುತ್ ಅಂಗ’ ಆಗಿತ್ತು.

ನಂ. ಗೌ. ಬರೆದದ್ದು:

ವಾಯ್ಸ್ – ಉಲಿ. ಡ್ಯುಯಲ್ – ಈರುಲಿ. ಸ್ಪ್ಲಿಟ್ – ಇಬ್ಬಾಗ. ಸ್ಪ್ಲಿಟ್ ಪಾಯಿಂಟ್ – ಒಡೆಯೆಡೆ. ಬ್ಯಾಲೆನ್ಸ್ – ಸರಿತೂಕ.

ಅ, ಆ ಮುಂತಾದ ತೆರೆಯುಲಿಯ ಮುಂದೆ, ಎರಡು ಎಂಬ ಅರ್ಥದ ‘ಇರ್’ ಎಂಬುದು ‘ಈರ್’ ಆಗುತ್ತದೆ: ಈರಾರು, ಈರೇಳು. ಹಾಗೆಯೇ ಈರುಲಿ. ಕನ್ನಡದಲ್ಲೇ ಪದ ಕಟ್ಟಲು ಬರುವಾಗ ನಾದ, ಸಂಯೋಜನೆ ಎಂದು ಕಡ ತರುವ ಚಾಳಿ ಯಾಕೆ?

ಭ. ಕ. ಬರೆದದ್ದು:

‘ಈರುಲಿ ಬೇಕಿದ್ದರೆ ಎರಡು ಗುಂಡಿ ಒತ್ತಿ’ ಅಂತ ಗೋಡೆಗೆ ಹಚ್ಚಿದರ ಹುಡುಗರು ಈರುಳ್ಳಿ ಅಂತನ ಓದತಾವ್ರಿ. ಬ್ಯಾರೆ ಹೇಳ್ರಿ.

ನಂ. ಗೌ. ಬರೆದದ್ದು:

ಓದಲು ಬಾರದಿದ್ದರೆ ಪದದ ತಪ್ಪಲ್ಲ. ಇರಲಿ, ಉಲಿ ಬೇಡವೆಂದರೆ ‘ಇದ್ದನಿ’ ಎನ್ನಿ.

ಭ. ಕ. ಬರೆದದ್ದು:

ನಮ್ಮ ಕಡೆ ‘ನಾ ಅಲ್ಲೇ ಇದ್ನಿ’ ಅಂತೀವಿ. ಮತ್ತೊಂದು ನೋಡ್ರಿ.

ತಿ. ಶ್ರೀ. ಬರೆದದ್ದು:

> ಸ್ಪ್ಲಿಟ್ – ಇಬ್ಬಾಗ

ಗೌಡರೇ, ಮಹಾಪ್ರಾಣ ಕಳಚಿದ ಮಾತ್ರಕ್ಕೆ ‘ಭಾಗ’ ಕನ್ನಡವಾಗಿಬಿಡುತ್ತದೆಯೇ? ಸಂಸ್ಕೃತ ಬೇಡವೆಂದು ಪಟ್ಟು ಹಿಡಿಯುವವರು ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸವನ್ನೇ ಕೊಟ್ಟಿರಿ. ನಿಮ್ಮದೇ ಪಂಥದ ವ್ಯಾಕರಣದಲ್ಲಿ ಉಲಿ ಎಂದರೆ ಮಾತಿನ ಧ್ವನಿಮಾ, ಅಂದರೆ ಅಕ್ಷರದ ಸದ್ದು. ತೆರೆಯುಲಿ, ಮುಚ್ಚುಲಿ ಎಂದು ನೀವೇ ಬರೆಯುತ್ತೀರಿ. ಅದನ್ನೇ ತಂದು ಆರ್ಗನ್ನಿನ ಸದ್ದಿಗೂ ಇಟ್ಟರೆ ಹೇಗೆ?

‘ದನಿ’ ಧ್ವನಿಯ ತದ್ಭವ. ತದ್ಭವಕ್ಕೆ ಕನ್ನಡ ಪದ ಕೂಡಿದರೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನ ತಕರಾರೂ ಇಲ್ಲ. ನಾವು ವಾದ್ಯವನ್ನು ‘ನುಡಿಸು’ತ್ತೇವೆ. ನುಡಿಯುವುದಕ್ಕೆ ದನಿ ಇರುವುದು ಸಹಜ. ಮೊದಲ ಪದ ಇಲ್ಲಿಗೆ ಮುಗಿಯಿತು.

ಮ. ಕೆ. ಬರೆದದ್ದು:

ವ್ಯುತ್ಪತ್ತಿಯ ಕಡೆ ಹೋಗುವ ಮೊದಲು ಕೈ ಏನು ಮಾಡುತ್ತದೆ ಎಂದು ನೋಡೋಣ. ಇಂಗ್ಲಿಷ್ ಹೆಸರಿನ ಬೆನ್ನು ಹತ್ತಿ ಫಲವಿಲ್ಲ, ತಯಾರಕರಲ್ಲೇ ಒಮ್ಮತ ಇಲ್ಲ. ಯಮಹಾದವರ ‘ವಾಯ್ಸ್’ ರೋಲ್ಯಾಂಡ್ ಮತ್ತು ಕ್ಯಾಸಿಯೊದಲ್ಲಿ ‘ಟೋನ್’, ಕವಾಯ್‌ನಲ್ಲಿ ‘ಸೌಂಡ್’. ಉಳಿದ ಮೂವರ ‘ಡ್ಯುಯಲ್’ ಕ್ಯಾಸಿಯೊಗೆ ‘ಲೇಯರ್’.

ಲೇಯರ್ ನೋಡಿ ಯಾರಾದರೂ ‘ಪದರ’ ಎನ್ನುವ ಮೊದಲೇ ಹೇಳುತ್ತೇನೆ, ಬೇಡ. ಮೇಲಿನ ಪದರ ಕೆಳಗಿನದನ್ನು ಮುಚ್ಚುತ್ತದೆ. ಇಲ್ಲಿ ಎರಡೂ ಒಟ್ಟಿಗೇ ಕೇಳಬೇಕು. ‘ಬೆರಕೆ ದನಿ’ ಎಂದರೆ ಬೆರಕೆ ತುಪ್ಪ ನೆನಪಾಗುತ್ತದೆ. ‘ಜೋಡಿ ದನಿ’ ಚೆನ್ನಾಗಿದೆ, ಆದರೆ ಅದಕ್ಕೆ ಇನ್ನೊಬ್ಬ ಹಕ್ಕುದಾರ ಇದ್ದಾನೆ. ಅದೇ ಪಿಯಾನೊದಲ್ಲಿ ಇಬ್ಬರು ಅಕ್ಕಪಕ್ಕ ಕುಳಿತು ಒಂದೇ ಸ್ಥಾಯಿಯಲ್ಲಿ ನುಡಿಸುವ ಸೌಲಭ್ಯವೂ ಇರುತ್ತದೆ. ಅದನ್ನು ಯಮಹಾ ‘ಡ್ಯುಯೊ’, ಕ್ಯಾಸಿಯೊ ‘ಡ್ಯುಯೆಟ್’, ರೋಲ್ಯಾಂಡ್ ‘ಟ್ವಿನ್ ಪಿಯಾನೊ’, ಕವಾಯ್ ‘ಫೋರ್ ಹ್ಯಾಂಡ್ಸ್’ ಎನ್ನುತ್ತವೆ. ಜೋಡಿ ಎಂಬ ಪದ ಅಲ್ಲಿಗೆ ಬೇಕು.

ಹಾರ್ಮೋನಿಯಂ ಬಲ್ಲವರಿಗೆ ಕಪ್ಲರ್ ಗೊತ್ತು. ಒಂದು ಮನೆ ಒತ್ತಿದರೆ ಒಂದು ಸ್ಥಾಯಿ ಆಚೆಯ ಮನೆಯೂ ತಾನೇ ಇಳಿಯುತ್ತದೆ. ಡ್ಯುಯಲ್ ಅದರದೇ ತಮ್ಮ. ಇಲ್ಲಿ ಎರಡನೆಯದಕ್ಕೆ ಬೇರೆ ವಾದ್ಯವನ್ನೂ ಕೊಡಬಹುದು, ಅಷ್ಟೇ. ಅದಕ್ಕೇ ‘ಕೂಡುದನಿ’ ಎನ್ನುತ್ತೇನೆ.

ಪದ ಹೇಗೂ ಆಗಲಿ, ಹಾಳೆಯಲ್ಲಿ ಇಷ್ಟು ಬರದಿದ್ದರೆ ಮಕ್ಕಳು ಮೊದಲ ದಿನವೇ ಕೈಬಿಡುತ್ತಾರೆ. ಪಿಯಾನೊದ ಜೊತೆ ಪಿಟೀಲು ಮೇಳ ಕೂಡಿಸಿ ಪೆಡಲ್ (ಸ್ವರ ನಿಲ್ಲದಂತೆ ಹಿಡಿದಿಡುವ ಕಾಲುಮೆಟ್ಟು) ಒತ್ತಿ ಹಿಡಿದರೆ, ಪಿಯಾನೊದ ಸ್ವರ ತಾನಾಗಿ ಸಣ್ಣಗಾಗುತ್ತಾ ಹೋಗುತ್ತದೆ, ಪಿಟೀಲಿನದ್ದು ನಿಂತೇ ಇರುತ್ತದೆ. ನಾಲ್ಕು ಸ್ವರಮೇಳ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಕಾರ್ಡ್) ದಾಟುವಷ್ಟರಲ್ಲಿ ಬರೀ ಪಿಟೀಲಿನ ಗಜಿಬಿಜಿ. ಬ್ಯಾಲೆನ್ಸ್‌ನಲ್ಲಿ ಪಿಟೀಲನ್ನು ಪಿಯಾನೊಗಿಂತ ಎರಡು ಮೂರು ಹೆಜ್ಜೆ ಇಳಿಸಿ, ಸ್ವರಮೇಳ ಬದಲಾದಾಗಲೆಲ್ಲ ಪೆಡಲ್ ಎತ್ತಿ ಮತ್ತೆ ಒತ್ತಬೇಕು. ನುಡಿಸುವುದು ಕೆಳ ಸ್ಥಾಯಿಯಲ್ಲಾದರೆ ಎರಡನೆಯ ದನಿಯನ್ನು ಒಂದು ಸ್ಥಾಯಿ ಮೇಲಕ್ಕೆ ಸರಿಸಿದರೆ ಕೆಸರು ಕಮ್ಮಿ. ಆರ್ಗನ್ ಕೂಡಿಸಿದರೆ ಬೇರೆ ತಾಪತ್ರಯ. ಆರ್ಗನ್ನಿಗೂ ಹಾರ್ಪ್ಸಿಕಾರ್ಡಿಗೂ ಸಾಮಾನ್ಯವಾಗಿ ಬೆರಳಿನ ಬಲ ತಾಗುವುದಿಲ್ಲ. ಮೆಲ್ಲಗೆ ಒತ್ತಿದಾಗ ಪಿಯಾನೊ ಪಿಸುಗುಟ್ಟಿದರೆ ಆರ್ಗನ್ ಕೂಗುತ್ತದೆ. ಎರಡು ಪಿಯಾನೊಗಳನ್ನೇ ಕೂಡಿಸಿದರೆ ದಪ್ಪಗಾಗುವ ಬದಲು ಎಷ್ಟೋ ಸಲ ಟೊಳ್ಳಾಗುತ್ತದೆ, ಅಲೆಗಳು ಒಂದನ್ನೊಂದು ತಿನ್ನುತ್ತವೆ.

ಇನ್ನು ಸ್ವರಗಳ ಲೆಕ್ಕ. ‘64 ಪಾಲಿಫೋನಿ’ ಎಂದು ಬರೆದ, ಅಂದರೆ ಒಂದೇ ಸಲಕ್ಕೆ 64 ಸ್ವರ ಹೊರಡಿಸಬಲ್ಲ ಯಂತ್ರದಲ್ಲಿ ಕೂಡುದನಿ ಹಾಕಿದರೆ ಒಂದು ಮನೆಗೆ ಕನಿಷ್ಠ ಎರಡು ಖರ್ಚು, ಅಂದರೆ ಉಳಿಯುವುದು 32. ಸ್ಟೀರಿಯೊ ದನಿಗಳು ಎರಡೆರಡು ತಿನ್ನುವ ಯಂತ್ರವಾದರೆ 16. ಪೆಡಲ್ ಹಿಡಿದು ಹತ್ತು ಬೆರಳು ಓಡಿಸಿದರೆ ಹಳೆಯ ಸ್ವರಗಳು ನಡುವೆಯೇ ಕತ್ತರಿಸಿ ಹೋಗುತ್ತವೆ. ಯಂತ್ರ ಕೆಟ್ಟಿದೆ ಎಂಬ ದೂರು ಬರುವುದು ಇಲ್ಲೇ. ಈ ‘ಪಾಲಿಫೋನಿ’ಗೂ ಇಂಗ್ಲಿಷಿನಲ್ಲಿ ಕೆಲವರು ‘ವಾಯ್ಸ್’ ಎನ್ನುತ್ತಾರೆ. ದಯವಿಟ್ಟು ಅಲ್ಲಿ ‘ದನಿ’ ಹಾಕಬೇಡಿ, ‘ಸ್ವರಮಿತಿ’ ಎನ್ನಿ.

ಸ್ಪ್ಲಿಟ್‌ಗೆ ‘ಎಡಬಲ ದನಿ’. ಸ್ಪ್ಲಿಟ್ ಪಾಯಿಂಟ್‌ಗೆ ‘ಗಡಿಮನೆ’.

ನಂ. ಗೌ. ಬರೆದದ್ದು:

ಗಡಿಮನೆ ಚೆನ್ನಾಗಿದೆ, ಒಪ್ಪಿದೆ. ‘ಪಿಟೀಲು ಮೇಳ’ ಎಂದರೇನು? ಸ್ಟ್ರಿಂಗ್ಸ್ ಎಂದರೆ ತಂತಿ. ತಂತಿವಾದ್ಯ ಎಂಬ ಪದ ಇದೆ. ಇಂಗ್ಲಿಶಿನ ಪಿಡಲ್ ಯಾಕೆ?

ಮ. ಕೆ. ಬರೆದದ್ದು:

ತಂತಿವಾದ್ಯ ಎಂದರೆ ವೀಣೆ, ಸಿತಾರ್, ತಂಬೂರಿ ಎಲ್ಲ ಬಂದವು. ಆ ಗುಂಡಿ ಒತ್ತಿದರೆ ಕೇಳುವುದು ಕಮಾನು ಎಳೆದು ನುಡಿಸುವ ಪಿಟೀಲಿನ ಕುಟುಂಬ, ಅದೂ ಗುಂಪಾಗಿ. ಪದ ಸದ್ದಿಗೆ ನಿಷ್ಠವಾಗಿರಲಿ.

ವಿ. ಜ. ಬರೆದದ್ದು:

ಮೈಸೂರಿನಲ್ಲಿ ಪಿಟೀಲು ಚೌಡಯ್ಯ ಎಂದು ಕರೆದು ಬೆಳೆಸಿದ ಪದವನ್ನು ಈಗ ‘ಇಂಗ್ಲಿಶಿನದು’ ಎಂದು ಹೊರದಬ್ಬುವುದೇ? ಫಿಡಲ್ ನಮ್ಮ ಬಾಯಲ್ಲಿ ಪಿಟೀಲಾದ ಮೇಲೆ ಅದು ಕಡವೂ ಅಲ್ಲ, ತಿರುಗಿ ಕೊಡಬೇಕಾದದ್ದೂ ಅಲ್ಲ. ಆಚೆಯವರೂ ಹೀಗೇ ಮಾಡಿದ್ದಾರೆ. ವಿದ್ಯುನ್ಮಾನ ವಾದ್ಯಗಳ ದನಿಗಳಿಗೆ ಅಂಕಿ ಗೊತ್ತುಮಾಡಿದ 1991ರ ಜನರಲ್ ಮಿಡಿ ಪಟ್ಟಿಯ 128 ದನಿಗಳಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ‘ಭಾರತದ ಉದ್ದ ಕತ್ತಿನ ತಂತಿವಾದ್ಯ’ ಎಂದು ಅವರೇನೂ ಕಟ್ಟಿಕೊಳ್ಳಲಿಲ್ಲ, ಹೆಸರನ್ನೇ ಎತ್ತಿಕೊಂಡರು. (ವೀಣೆ ಆ ಪಟ್ಟಿಯಲ್ಲಿ ಇಲ್ಲ, ಅದು ಬೇರೆ ಹೊಟ್ಟೆಯುರಿ.)

ನಂ. ಗೌ. ಬರೆದದ್ದು:

ವಸ್ತುವಿನ ಹೆಸರು ಬೇರೆ, ಕೆಲಸದ ಹೆಸರು ಬೇರೆ. ಪಿಯಾನೊ, ಆರ್ಗನ್ ಇರಲಿ ಎಂದು ಮೊದಲಿನಿಂದಲೂ ಹೇಳುತ್ತಿದ್ದೇನೆ. ಕೂಡಿಸು, ಒಡೆ, ಸರಿಸು ಎಂಬುವಕ್ಕೂ ಕಡ ತರುವುದು ಸೋಮಾರಿತನ. ನೀವು ಬ್ಯಾಲೆನ್ಸ್ ಎಂದೇ ಬರೆದಿರಿ, ಯಾರೂ ಕೇಳಲಿಲ್ಲ.

ತಿ. ಶ್ರೀ. ಬರೆದದ್ದು:

ಮೊದಲಿನಿಂದ ಹೇಳಲಿಲ್ಲ, ಈಗ ಹೇಳಿದಿರಿ. ಆದರೂ ಮಾತು ಸರಿ. ಬ್ಯಾಲೆನ್ಸ್‌ಗೆ ‘ಸರಿತೂಕ’ ಮಾತ್ರ ಬೇಡ, ಅಲ್ಲಿ ಯಾರೂ ಸಮ ಮಾಡುತ್ತಿಲ್ಲ. ಪಿಟೀಲನ್ನು ಬೇಕೆಂದೇ ಕೆಳಗಿಡುತ್ತಿದ್ದಾರೆ. ‘ಹೆಚ್ಚುಕಡಿಮೆ’ ಎನ್ನಿ, ಮಕ್ಕಳಿಗೆ ಅರ್ಥವಾಗುತ್ತದೆ.

ಕ. ಭಾ. ಬರೆದದ್ದು:

ಕೀ ಅನ್ನುವುದಕ್ಕೆ ಎಲ್ಲರೂ ‘ಮನೆ’ ಎನ್ನುತ್ತಿದ್ದೀರಿ. ಗಣಕದಲ್ಲಿ ಕೀಲಿ, ಕೀಲಿಮಣೆ ಎಂದು ಆಗಲೇ ನೆಲೆಗೊಂಡಿದೆ. ಏಕರೂಪತೆ ಬೇಡವೇ? ‘ಕೂಡುದನಿ’ಯ ‘ಕೂಡು’ಗೆ ಇನ್ನೊಂದು ಅರ್ಥವೂ ಇದೆ, ಶಾಲೆಯ ಗೋಡೆಗೆ ಬೇಕೇ?

ವಿ. ಜ. ಬರೆದದ್ದು:

ಕೂಡುಕುಟುಂಬ ಎಂದಾಗ ನಗದವರು ಇಲ್ಲೂ ನಗುವುದಿಲ್ಲ. ಕೀಲಿ ಬೀಗಕ್ಕೆ. ಹಾರ್ಮೋನಿಯಂನದು ಮನೆ. ಕೀಲಿಮಣೆಯದು ಮಣೆ, ಇದು ಮನೆ. ಅಚ್ಚಿನಲ್ಲಿ ಣಕಾರ ಸೇರಿಕೊಂಡೀತು, ಅದನ್ನು ನೋಡಿಕೊಳ್ಳಿ.

ಮ. ಕೆ. ಬರೆದದ್ದು:

ಗಡಿಮನೆ ಎಲ್ಲಿದೆ ಎಂದು ಹೇಳದೆ ಹಾಳೆ ಪೂರ್ತಿಯಾಗದು. ಅನೇಕ ಯಂತ್ರಗಳಲ್ಲಿ ಅದು ಮೊದಲಿಗೆ ನಡು ಸಿಯ (ಮನೆಗಳ ಸಾಲಿನ ನಡುವಿನ ಸಿ ಸ್ವರದ) ಕೆಳಗಿನ ಎಫ್ ಶಾರ್ಪ್. ಅಕ್ಷರದ ಜೊತೆ ಅಂಕಿ ಹಾಕಬೇಡಿ. ನಡು ಸಿಯನ್ನು ಯಮಹಾ ಸಿ3 ಎನ್ನುತ್ತದೆ, ರೋಲ್ಯಾಂಡ್ ಸಿ4 ಎನ್ನುತ್ತದೆ. ನೋಡಿ ಬರೆದವರು ಒಂದು ಸ್ಥಾಯಿ ತಪ್ಪುತ್ತಾರೆ. ನಮ್ಮ ಯಕ್ಷಗಾನದವರ ಲೆಕ್ಕ ಇದಕ್ಕಿಂತ ವಾಸಿ: ಸಿ ಬಿಳಿ ಒಂದು, ಎಫ್ ಶಾರ್ಪ್ ಕಪ್ಪು ಮೂರು. ಸ್ಥಾಯಿಯ ಐದು ಕಪ್ಪುಗಳಲ್ಲಿ ಅದೇ ನಡುವಿನದು. ಹಾಗಾಗಿ ನಡು ಬಿಳಿ ಒಂದರಿಂದ ಎಡಕ್ಕೆ ಕಪ್ಪು ಮನೆ ಎಣಿಸುತ್ತಾ ಹೋದರೂ ಮೂರನೆಯದಾಗಿಯೇ ಸಿಗುತ್ತದೆ. ಮಕ್ಕಳು ಎತ್ತಲಿಂದ ಎಣಿಸಿದರೂ ತಪ್ಪಾಗದು.

ಗಡಿಮನೆ ತಾನೇ ಎಡಕ್ಕೆ ಸೇರುತ್ತದೋ ಬಲಕ್ಕೋ ಎಂಬುದು ತಯಾರಕರಿಗೆ ತಕ್ಕಂತೆ ಬೇರೆ. ಒತ್ತಿ ಕೇಳಿ ಬರೆಯಿರಿ. ಎಡಕ್ಕೆ ಸೇರಿದರೆ 88ರಲ್ಲಿ ಎಡಕ್ಕೆ 34 ಮನೆ, ಬಲಕ್ಕೆ 54. ಪೆಡಲ್ ಎರಡೂ ಕಡೆಗೆ ತಾಗುವ ಯಂತ್ರವಾದರೆ, ಎಡಗೈಗೆ ಬಾಸ್ (ತಗ್ಗು ಸ್ವರದ ದನಿ) ಇಟ್ಟಾಗ ಪೆಡಲ್ ಮುಟ್ಟದಿರುವುದೇ ಕ್ಷೇಮ.

ಸು. ರಾ. ಬರೆದದ್ದು:

ಎಲ್ಲರಿಗೂ ಕೃತಜ್ಞತೆ. ಗಡಿಮನೆ ಒತ್ತಿ ನೋಡಿದೆ, ಎಡದ ದನಿ ಬಂತು. ಹೀಗೆ ಕಳಿಸುತ್ತಿದ್ದೇನೆ:

ದನಿ ಆರಿಸಲು: ಒಂದು ದನಿಗುಂಡಿ ಒತ್ತಿ.

ಕೂಡುದನಿ: ಎರಡು ದನಿಗುಂಡಿ ಒಟ್ಟಿಗೆ ಒತ್ತಿ ಬಿಡಿ. ಪಿಯಾನೊ ಜೊತೆ ಪಿಟೀಲು ಮೇಳವಿದ್ದರೆ ಪಿಟೀಲನ್ನು ‘ಹೆಚ್ಚುಕಡಿಮೆ’ಯಲ್ಲಿ ಇಳಿಸಿ. ಪೆಡಲ್ ಒತ್ತಿಯೇ ಇಡಬೇಡಿ. ಮತ್ತೆ ಒಂದೇ ದನಿ ಬೇಕಾದರೆ ಒಂದೇ ಗುಂಡಿ ಒತ್ತಿ.

ಎಡಬಲ ದನಿ: ‘ಸ್ಪ್ಲಿಟ್’ ಎಂದು ಬರೆದ ಗುಂಡಿ ಒತ್ತಿ. ಗಡಿಮನೆ: ನಡು ಬಿಳಿ ಒಂದರ ಎಡಕ್ಕೆ ಮೂರನೆಯ ಕಪ್ಪು. ಗಡಿಮನೆಯೂ ಸೇರಿ ಅದರ ಎಡಕ್ಕೆಲ್ಲ ಎಡದನಿ.

ಸ್ವರ ನಡುವೆ ಕತ್ತರಿಸಿದರೆ: ಯಂತ್ರ ಕೆಟ್ಟಿಲ್ಲ, ಸ್ವರಮಿತಿ ಮುಗಿದಿದೆ. ಕೂಡುದನಿ ತೆಗೆಯಿರಿ.

ನಂ. ಗೌ. ಬರೆದದ್ದು:

ಸ್ವರಮಿತಿ!

ತಿ. ಶ್ರೀ. ಬರೆದದ್ದು:

ಹಾಗೇ ಇರಲಿ. ಅಚ್ಚಿನವರಿಗೆ ಒಂದು ಮಾತು ಹೇಳಿ: ‘ಕೂಡುದನಿ’ ಒಂದೇ ಪದ. ಸಾಲು ತುಂಬಿತೆಂದು ‘ಕೂಡು’ ಆದ ಮೇಲೆ ಮುರಿದರೆ ಅದು ಮಕ್ಕಳಿಗೆ ಕೊಟ್ಟ ಅಪ್ಪಣೆಯಾಗುತ್ತದೆ. ಎ5ರಲ್ಲಿ ದೊಡ್ಡಕ್ಷರ ಹಾಕಿದರೆ ಮುರಿಯುವುದು ಸರಿಯಾಗಿ ಅಲ್ಲೇ.