ಟೀಮ್ ಟೋಪಿ ಬೇರೆಯವರಿಗೆ ನೋವು ಕೊಟ್ಟರೆ, ಅದರ ಬೆಲೆ ಯಾರು ಕೊಡಬೇಕು?

ಪ್ರಶ್ನೆ (ಮೊದಲ ಸದಸ್ಯ): ಸರ್, ಅಮೆರಿಕದ ಕ್ಲೀವ್‌ಲ್ಯಾಂಡ್ ಬೇಸ್‌ಬಾಲ್ ತಂಡ 2019ರಿಂದ ಆಟಗಾರರ ಬಟ್ಟೆಯ ಮೇಲೆ 'ಚೀಫ್ ವಾಹೂ' ಕಾರ್ಟೂನ್ ಹಾಕುತ್ತಿಲ್ಲ. ಕೆಂಪು ಮುಖದ, ಹಲ್ಲು ಕಿರಿಯುವ ಮೂಲನಿವಾಸಿಯ ಚಿತ್ರ ಅದು. ಆದರೆ ಅಭಿಮಾನಿಗಳ ಹತ್ತಿರ ಹಳೆಯ ಟೋಪಿಗಳು ಹಾಗೇ ಇವೆ. ಅದನ್ನು ಹಾಕಿಕೊಳ್ಳುವುದೂ ಹೊಗೆ, ಗದ್ದಲದ ಹಾಗೆ ಎಕ್ಸ್‌ಟರ್ನಾಲಿಟಿ, ಅಂದರೆ ವ್ಯವಹಾರದಲ್ಲಿ ಇಲ್ಲದವರ ಮೇಲೆ ಬೀಳುವ ಹೊರೆ ತಾನೇ? ತೆರಿಗೆ ಹಾಕಿದರೆ ಮುಗಿಯಿತಲ್ವಾ?

ಉತ್ತರ (ಅರ್ಥಶಾಸ್ತ್ರ ಉಪನ್ಯಾಸಕ): ಎಕ್ಸ್‌ಟರ್ನಾಲಿಟಿ ಹೌದು. ಟೋಪಿ ಮಾರುವವರು, ಕೊಳ್ಳುವವರು ಇಬ್ಬರಿಗೂ ಲಾಭ. ಅದನ್ನು ನೋಡಿ ನೋಯುವವರನ್ನು ಯಾರೂ ಕೇಳಿಲ್ಲ, ಅವರ ನೋವು ಬೆಲೆಯಲ್ಲಿ ಸೇರಿಲ್ಲ.

ಆದರೆ 'ನನಗೆ ಹಿಡಿಸಲ್ಲ' ಅನ್ನುವುದನ್ನೆಲ್ಲ ಹಾನಿ ಎಂದು ಲೆಕ್ಕಕ್ಕೆ ತೆಗೆದುಕೊಂಡರೆ ಎದುರಾಳಿ ತಂಡದ ಬಣ್ಣಕ್ಕೂ ತೆರಿಗೆ ಹಾಕಬೇಕಾಗುತ್ತದೆ. ಇಲ್ಲಿ ವಿಷಯ ಬೇರೆ. ಇಂಥ ಚಿತ್ರಗಳನ್ನು ನೋಡಿದ ಮೂಲನಿವಾಸಿ ವಿದ್ಯಾರ್ಥಿಗಳಿಗೆ ತಮ್ಮ ಬಗ್ಗೆ ಇರುವ ಗೌರವವೇ ಕುಗ್ಗುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಸ್ಟೆಫನಿ ಫ್ರೈಬರ್ಗ್ ಮತ್ತು ಸಂಗಡಿಗರ 2008ರ ಅಧ್ಯಯನ ತೋರಿಸಿದೆ. ಮಕ್ಕಳ ಮೇಲೆ ಬೀಳುವ ಈ ಹೊರೆಯನ್ನು ಸುಮ್ನೆ ಇಷ್ಟಾನಿಷ್ಟದ ಮಾತು ಎಂದು ನಾನು ತಳ್ಳಿಹಾಕಲಾರೆ.

ತೆರಿಗೆ ಮಾತ್ರ ಕೆಲಸ ಮಾಡಲ್ಲ. ತೆರಿಗೆ ಬೀಳುವುದು ಮಾರಾಟದ ಮೇಲೆ, ನೋವಾಗುವುದು ಟೋಪಿ ಹಾಕಿಕೊಂಡಾಗ. ಆಗಲೇ ಮನೆಯಲ್ಲಿರುವ ಟೋಪಿಗೆ ಏನು ಮಾಡುತ್ತೀರಿ? ಜೊತೆಗೆ ಅಲ್ಲಿನ ಸಂವಿಧಾನ ಕೊಟ್ಟಿರುವ ವಾಕ್ ಸ್ವಾತಂತ್ರ್ಯ ಅಡ್ಡ ಬರುತ್ತದೆ. ಅವಮಾನಕರ ಎಂಬ ಕಾರಣಕ್ಕೆ ಸರ್ಕಾರ ಟ್ರೇಡ್‌ಮಾರ್ಕ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು.

ಇನ್ನೊಬ್ಬ ಸದಸ್ಯೆ: ಹಾಗಾದರೆ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಹೇಳಿದ ಹಾಗೆ ಎರಡೂ ಕಡೆಯವರು ಕೂತು ಮಾತಾಡಿಕೊಳ್ಳಬಹುದಲ್ವಾ ಸರ್?

ಉತ್ತರ: ಒಂದು ಕಡೆ ಹಾಗೇ ಆಗಿದೆ ಮೇಡಂ. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯ 'ಸೆಮಿನೋಲ್ಸ್' ಹೆಸರು ಇಟ್ಟುಕೊಂಡಿರುವುದು ಫ್ಲೋರಿಡಾದ ಸೆಮಿನೋಲ್ ಬುಡಕಟ್ಟಿನ ಒಪ್ಪಿಗೆಯಿಂದ. ಅಲ್ಲಿ ಕೇಳಲು ಒಂದು ಬುಡಕಟ್ಟು ಇತ್ತು. ವಾಷಿಂಗ್ಟನ್ ಫುಟ್‌ಬಾಲ್ ತಂಡದ ಹಳೆಯ ಹೆಸರು 'ರೆಡ್‌ಸ್ಕಿನ್ಸ್' (ಕೆಂಪು ಚರ್ಮದವರು). ಅದಕ್ಕೆ ಯಾರನ್ನು ಕೇಳುವುದು? ಸರ್ಕಾರ ಮಾನ್ಯ ಮಾಡಿದ ಬುಡಕಟ್ಟುಗಳೇ 570ಕ್ಕೂ ಹೆಚ್ಚು.

ಕೊನೆಗೆ ಆ ತಂಡದ ಮೇಲೆ ಒತ್ತಡ ಬಂದದ್ದು ದುಡ್ಡಿನ ದಾರಿಯಲ್ಲಿ. ಆ ಫುಟ್‌ಬಾಲ್ ಲೀಗ್‌ನಲ್ಲಿ ಟೀಶರ್ಟ್, ಟೋಪಿಗಳ ಲೈಸೆನ್ಸ್ ಆದಾಯ ಹೆಚ್ಚುಕಡಿಮೆ ಎಲ್ಲ ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಹಾಗಾಗಿ ಒಂದು ತಂಡದ ಟೀಶರ್ಟ್ ಮಾರಾಟ ಬಿದ್ದರೂ ಅದರ ಮಾಲೀಕನಿಗೆ ಜಾಸ್ತಿ ಬಿಸಿ ತಟ್ಟಲ್ಲ. ಆದರೆ ಮೈದಾನಕ್ಕೆ ತನ್ನ ಹೆಸರಿಟ್ಟು ದುಡ್ಡು ಕೊಡುತ್ತಿದ್ದ ಫೆಡ್‌ಎಕ್ಸ್ 2020ರ ಜುಲೈ 2ರಂದು ಹೆಸರು ಬದಲಿಸಿ ಎಂದು ಬಹಿರಂಗವಾಗಿ ಕೇಳಿತು. ನೈಕಿ ತನ್ನ ಆನ್‌ಲೈನ್ ಅಂಗಡಿಯಿಂದ ಆ ತಂಡದ ಸರಕನ್ನೇ ತೆಗೆಯಿತು. ಜುಲೈ 13ಕ್ಕೆ ಹಳೆಯ ಹೆಸರು ಬಿಡುವುದಾಗಿ ತಂಡ ಘೋಷಿಸಿತು. ಮೂಲನಿವಾಸಿಗಳು ದಶಕಗಳಿಂದ ಕೇಳುತ್ತಿದ್ದುದು ಎರಡೇ ವಾರದಲ್ಲಿ ಆಯಿತು. ಇದು ನನಗೆ ಬೇಸರದ ಸಂಗತಿ.

ಮೊದಲ ಸದಸ್ಯ: ಮತ್ತೆ ಬಟ್ಟೆಯಿಂದ ತೆಗೆದ ಮೇಲೂ ಕ್ಲೀವ್‌ಲ್ಯಾಂಡ್ ತಂಡ ವಾಹೂ ಸರಕನ್ನು ಸ್ವಲ್ಪ ಸ್ವಲ್ಪ ಮಾರುವುದಾಗಿ ಹೇಳಿದ್ದು ಯಾಕೆ?

ಉತ್ತರ: ಟ್ರೇಡ್‌ಮಾರ್ಕ್ ಉಳಿಸಿಕೊಳ್ಳಲು. ಅಲ್ಲಿನ ಕಾನೂನಿನಲ್ಲಿ ಸತತ 3 ವರ್ಷ ಬಳಸದಿದ್ದರೆ ಗುರುತನ್ನು ಬಿಟ್ಟುಕೊಟ್ಟಂತೆ ಎಂದು ಭಾವಿಸಲು ಅವಕಾಶವಿದೆ. ಹಕ್ಕು ಹೋದರೆ ಬೇರೆಯವರು ಅದೇ ಚಿತ್ರ ಅಚ್ಚು ಹಾಕಿ ರಾಶಿಗಟ್ಟಲೆ ಮಾರಬಹುದು. ಆಗ ಬೀದಿಯಲ್ಲಿ ಆ ಟೋಪಿ ಇನ್ನೂ ಜಾಸ್ತಿಯಾಗುತ್ತದೆ. ಆದ್ದರಿಂದ ಹಕ್ಕು ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಆ ಮಾರಾಟದಿಂದ ಬರುವ ದುಡ್ಡು ಮೂಲನಿವಾಸಿ ಸಮುದಾಯಗಳಿಗೆ ಹೋಗಬೇಕು, ತಂಡಕ್ಕಲ್ಲ.