ಪದಚರ್ಚೆ: ರ‍್ಯಾಬಿಟ್‌ಗೂ ಮೊಲ, ಹೇರ್‌ಗೂ ಮೊಲವೇ?

ಎಲ್ಲರಿಗೂ ನಮಸ್ಕಾರ. ರ‍್ಯಾಬಿಟ್, ಹೇರ್ ಎಂದು ಇಂಗ್ಲಿಷಿನಲ್ಲಿ ಬೇರೆ ಬೇರೆ ಹೆಸರಿರುವ ಎರಡು ಪ್ರಾಣಿಗಳನ್ನೂ ನಾವು ಮೊಲ ಎಂದೇ ಕರೆಯುತ್ತೇವೆ. ಊರಲ್ಲಿದ್ದಾಗ ಇದರಿಂದ ಯಾವ ತೊಡಕೂ ಇರಲಿಲ್ಲ. ಇಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ಕಾಲುದಾರಿಗಳಲ್ಲಿ ತೆಗೆದ ಫೋಟೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುವಾಗ ಮಾತ್ರ ಸಿಕ್ಕಿಬೀಳುತ್ತೇನೆ. ಇಲ್ಲಿ ಎರಡೂ ಉಂಟು, ಎರಡರ ಸಂಸಾರವೂ ಬೇರೆ ಬೇರೆ.

ರ‍್ಯಾಬಿಟ್ ಗುಂಪಾಗಿ ಬಾಳುವ ಪ್ರಾಣಿ. ಬೇಲಿಸಾಲಿನ ಬುಡದಲ್ಲೋ ಗುಡ್ಡದ ಓರೆಯಲ್ಲೋ ಬಿಲ ತೋಡಿಕೊಂಡಿರುತ್ತದೆ. ಸಂಜೆ ಹೊತ್ತು ಬಿಲದ ಬಾಯಲ್ಲೇ ಮೇಯುತ್ತಾ, ಹೆಜ್ಜೆ ಸಪ್ಪಳವಾದರೆ ಬಾಲದಡಿಯ ಬಿಳಿ ತೋರಿಸಿ ಒಳಗೆ ನುಗ್ಗುತ್ತದೆ. ಮರಿಗಳು ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣೂ ಬಿಟ್ಟಿರುವುದಿಲ್ಲ. ಹೇರ್ ಹಾಗಲ್ಲ. ಅದಕ್ಕೆ ಬಿಲವೇ ಇಲ್ಲ. ಬಯಲಲ್ಲಿ ತನ್ನ ಮೈಗೆ ತಕ್ಕಷ್ಟು ತಗ್ಗು ಮಾಡಿಕೊಂಡು ಕಿವಿಗಳನ್ನು ಬೆನ್ನಿಗೊತ್ತಿ ಮಲಗಿತೆಂದರೆ, ದೊಡ್ಡ ಲೆನ್ಸಿನಲ್ಲಿ ನೋಡಿದರೂ ಉತ್ತ ಹೊಲದ ಹೆಂಟೆಯಂತೆಯೇ ಕಾಣುತ್ತದೆ. ಕಿವಿಯ ತುದಿಯ ಕಪ್ಪು ಕಂಡ ಮೇಲಷ್ಟೇ ಖಾತ್ರಿ. ಮರಿಗಳು ತುಪ್ಪಳ ಹೊದ್ದು, ಕಣ್ಣು ಬಿಟ್ಟುಕೊಂಡೇ ಬಯಲಲ್ಲಿ ಹುಟ್ಟುತ್ತವೆ. ಮಾರ್ಚ್ ತಿಂಗಳಲ್ಲಿ ಎರಡು ಹೇರ್‌ಗಳು ಹಿಂಗಾಲ ಮೇಲೆ ನಿಂತು ಗುದ್ದಾಡುವ ಫೋಟೋ ನೀವೂ ನೋಡಿರಬಹುದು. ಅದು ಗಂಡುಗಂಡುಗಳ ಕಾಳಗವೆಂದು ಬರೆಯುವವರೇ ಹೆಚ್ಚು. ಸಾಮಾನ್ಯವಾಗಿ ಅಲ್ಲಿ ನಡೆಯುವುದು, ಬೆನ್ನುಬಿದ್ದ ಗಂಡಿಗೆ ಹೆಣ್ಣು ಕೊಡುವ ಏಟು.

ಇನ್ನು ನಮ್ಮ ಮೊಲದ ಮಾತು. ಕರ್ನಾಟಕದ ಕುರುಚಲು ಕಾಡಿನಲ್ಲಿ, ಹೊಲದ ಬದುವಿನಲ್ಲಿ ಓಡಾಡುವುದು ಕತ್ತಿನ ಮೇಲೆ ಕಪ್ಪು ಮಚ್ಚೆಯಿರುವ ಹೇರ್. ರ‍್ಯಾಬಿಟ್ ನಮ್ಮ ಕಾಡಿನದಲ್ಲ, ಪಂಜರದಲ್ಲಿ ಸಾಕಲು ಹೊರಗಿನಿಂದ ತಂದದ್ದು. ಹಾಗಾಗಿ ಮೊಲ ಎಂಬ ಹೆಸರಿನ ಹಕ್ಕುದಾರ ಹೇರ್, ಹೊಸ ಹೆಸರು ಬೇಕಾಗಿರುವುದು ರ‍್ಯಾಬಿಟ್‌ಗೆ ಎಂಬುದು ನನ್ನ ವಾದ. ಆದರೆ ಈಗ ಮೊಲ ಅಂದೊಡನೆ ಪೇಟೆಯ ಮಕ್ಕಳ ಕಣ್ಣಮುಂದೆ ಬರುವುದು ಕೆಂಪು ಕಣ್ಣಿನ ಬಿಳಿ ರ‍್ಯಾಬಿಟ್. ನಾನೇನೂ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಲ್ಲ, ಬೇರೆ ದಾರಿಯಿದ್ದರೆ ಹೇಳಿ.

ಇಷ್ಟು ಹಟ ಯಾಕೆಂದರೆ, ಕೆಲವು ಕಡೆ ಹೆಸರು ಬೆರೆತರೆ ಕಥೆಯೇ ಕೆಡುತ್ತದೆ. ಸಾಮರ್ಸೆಟ್‌ನ ಕಾಲರ್ಡ್ ಹಿಲ್‌ನಲ್ಲಿ ಜೂನ್ ತಿಂಗಳಲ್ಲಿ ಲಾರ್ಜ್ ಬ್ಲೂ ಚಿಟ್ಟೆ ಹುಡುಕಿಕೊಂಡು ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಇದರ ಮರಿಹುಳು ಮೊದಲು ಥೈಮ್ ಎಂಬ ಘಮದ ಗಿಡದ ಹೂ ತಿನ್ನುತ್ತದೆ. ಆಮೇಲೆ ಒಂದು ಜಾತಿಯ ಕೆಂಪಿರುವೆ ಅದನ್ನು ತನ್ನದೇ ಮರಿಯೆಂದು ಗೂಡಿಗೆ ಹೊತ್ತೊಯ್ಯುತ್ತದೆ, ಅಲ್ಲಿ ಮರಿಹುಳು ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ಆ ಇರುವೆಗೆ ಬೆಚ್ಚಗಿನ ನೆಲ ಬೇಕು, ಅಂದರೆ ಹುಲ್ಲು ಗಿಡ್ಡವಾಗಿರಬೇಕು. ದನಕುರಿಗಳ ಜೊತೆಗೆ ಹುಲ್ಲನ್ನು ಹಾಗೆ ಬೋಳಿಸುತ್ತಿದ್ದದ್ದು ರ‍್ಯಾಬಿಟ್. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬ್ರಿಟನ್ನಿಗೆ ಕಾಲಿಟ್ಟು ರ‍್ಯಾಬಿಟ್‌ಗಳು ರಾಶಿರಾಶಿಯಾಗಿ ಸತ್ತವು, ಹುಲ್ಲು ಎತ್ತರಕ್ಕೆ ಬೆಳೆಯಿತು, ನೆಲ ತಣ್ಣಗಾಯಿತು, ಇರುವೆ ಹೋಯಿತು. 1979ರಲ್ಲಿ ಚಿಟ್ಟೆಯೂ ದೇಶದಿಂದ ಅಳಿಯಿತು. ಈಗ ಹಾರುತ್ತಿರುವುದು ಸ್ವೀಡನ್ನಿನಿಂದ ತಂದು ಬಿಟ್ಟವುಗಳ ಸಂತಾನ. ಇದನ್ನು ಬರೆಯುವಾಗ "ಮೊಲ ಸತ್ತಿತು" ಎಂದರೆ ಓದುಗರು ಯಾವುದನ್ನು ನೆನೆಯಬೇಕು?

ಥೈಮ್ ಅನ್ನು ಸದ್ಯಕ್ಕೆ ಥೈಮ್ ಎಂದೇ ಬಿಟ್ಟಿದ್ದೇನೆ. ವಾಸನೆ ನೋಡಿ "ಕಾಡು ಓಮ" ಅನ್ನೋಣವೆಂದರು ಗೆಳೆಯರೊಬ್ಬರು. ವಾಸನೆ ಓಮದ್ದೇ ಇರಬಹುದು, ಗಿಡ ತುಳಸಿಯ ಕುಟುಂಬದ್ದು. ನನಗೆ ಒಪ್ಪಿಗೆಯಿಲ್ಲ.

ರ‍್ಯಾಬಿಟ್‌ಗೆ ಸದ್ಯ ಎರಡು ಹೆಸರು ಮನಸ್ಸಿನಲ್ಲಿವೆ. ಒಂದು "ಬಿಲಮೊಲ": ಕೇಳಿದೊಡನೆ ತಿಳಿಯುತ್ತದೆ. ಇನ್ನೊಂದು ಸೀಮೆಹಸು, ಸೀಮೆಬದನೆಯ ಜಾಡಿನಲ್ಲಿ "ಸೀಮೆಮೊಲ". ಸೀಮೆಯಲ್ಲೇ ನಿಂತು ಸೀಮೆಮೊಲ ಅನ್ನುವುದು ತಮಾಷೆಯೇ ಸರಿ. ಆದರೆ ಅದು ಇಲ್ಲಿಗೂ ಹೊರಗಿನದೇ, ಮಾಂಸಕ್ಕೂ ತುಪ್ಪಳಕ್ಕೂ ಎಂದು ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದಲ್ಲಿ ಸಾಕಿದ್ದು ತಪ್ಪಿಸಿಕೊಂಡು ಹಬ್ಬಿತು. ನನ್ನ ಒಲವು ಬಿಲಮೊಲದ ಕಡೆಗೆ.

ಕೊನೆಯದಾಗಿ, ಹೇರ್ ಮಲಗುವ ಆ ತಗ್ಗಿಗೆ ಕನ್ನಡದಲ್ಲಿ ಏನನ್ನುತ್ತಾರೆ? ಗೂಡು, ಬಿಲ ಎರಡೂ ಸಲ್ಲವು. ಮೃಗ ಮಲಗುವ ತಾವಿಗೆ "ಹಕ್ಕೆ" ಎಂಬ ಮಾತಿದೆ, ಮೊಲಕ್ಕೂ ಅದನ್ನು ಆಡುತ್ತಾರೆಯೇ? ಚಿತ್ರದುರ್ಗ, ತುಮಕೂರು, ಬಳ್ಳಾರಿ ಕಡೆ ಕುರಿ ಕಾಯುವವರ ಬಾಯಲ್ಲಿ, ಹೊಲದ ಕೆಲಸ ಮಾಡುವವರ ಬಾಯಲ್ಲಿ ಬೇರೆ ಪದ ಕೇಳಿದ್ದರೆ ಊರಿನ ಹೆಸರಿನ ಸಮೇತ ತಿಳಿಸಿ.